ಹೆಸರು ಕೇಳದೆ ಉಳಿದ ಆ ಹಿರಿಯರಿಗೆ

ಉಪವಾಸ ಪ್ರಾರ್ಥನೆ ಮುಗಿದು ಎಲ್ಲರೂ ಹೊರಟ ಮೇಲೂ ನಾನು ಹಿಂದಿನ ಬೆಂಚಿನಲ್ಲಿ ಅಳುತ್ತಾ ಕುಳಿತಿದ್ದೆ. ಪಕ್ಕಕ್ಕೆ ಬಂದು ಕುಳಿತ ಹಿರಿಯರೇ, ನಿಮ್ಮ ಹೆಸರನ್ನೂ ಕೇಳಲಿಲ್ಲ. ಮನೆಯವರ ಮೇಲೆ ರೇಗುವುದು, ಪಶ್ಚಾತ್ತಾಪಪಡುವುದು, ಮರುದಿನ ಮತ್ತೆ ರೇಗುವುದು. ವರ್ಷಗಳಿಂದ ಮುಚ್ಚಿಟ್ಟಿದ್ದನ್ನು ನಿಮ್ಮೆದುರು ಹೇಳಿಬಿಟ್ಟೆ. ನೀವು ಬೈಯಲಿಲ್ಲ, ಪರವಾಗಿಲ್ಲ ಎಂದು ತೇಲಿಸಲೂ ಇಲ್ಲ. ಅದಕ್ಕೇ ನನ್ನ ಮೊದಲ ವಂದನೆ.

“ಸಿಟ್ಟು ಬರುವ ಹೊತ್ತು ಯಾವುದು?” ಎಂದು ಕೇಳಿದಿರಿ. ದಣಿದು ಮನೆಗೆ ಬಂದ ಮೊದಲ ಅರ್ಧ ಗಂಟೆ! ಅಲ್ಲಿಯವರೆಗೆ ನಾನು ಅದನ್ನು ಗಮನಿಸಿರಲೇ ಇಲ್ಲ. ಬಾಗಿಲ ಹೊರಗೇ ನಿಂತು ಪ್ರಾರ್ಥಿಸಿ ಒಳಗೆ ಹೋಗಿ ಎಂದಿರಿ. ಅರಣ್ಯದಲ್ಲಿ ಸೈತಾನನು ಒಡ್ಡಿದ ಮೂರು ಶೋಧನೆಗಳಿಗೂ, ಅಂದರೆ ಪ್ರಲೋಭನೆಗಳಿಗೂ, ಯೇಸು ಬೈಬಲಿನ ಧರ್ಮೋಪದೇಶಕಾಂಡವೆಂಬ ಪುಸ್ತಕದ ಮಾತುಗಳಿಂದಲೇ ಉತ್ತರಿಸಿದ್ದನ್ನು ನೆನಪಿಸಿ, ಕೋಪಕ್ಕೆ ನಿಧಾನವಾಗಿರಿ ಎನ್ನುವ ಬೈಬಲಿನ ಯಾಕೋಬನ ಪತ್ರಿಕೆಯ 1:19ನೇ ವಚನವನ್ನು ಬಾಯಿಪಾಠ ಮಾಡಿಸಿದಿರಿ. ಈ ಸಿಟ್ಟು ನಿಮ್ಮ ಹಟದಿಂದ ಸಾಯುವುದಿಲ್ಲ, ಪವಿತ್ರಾತ್ಮನ ಬಲವನ್ನು ಬೇಡಿಕೊಳ್ಳಿ ಎಂದೂ ಹೇಳಿದಿರಿ.

ಸೋತ ದಿನ ದೇವರಿಗೆ ಅರಿಕೆ ಮಾಡಿದರಷ್ಟೇ ಸಾಲದು, ನೋಯಿಸಿದವರ ಬಳಿಗೂ ಹೋಗಬೇಕು ಎಂದಿದ್ದಿರಿ. ನನಗೆ ಅತ್ಯಂತ ಕಷ್ಟವಾದದ್ದು ಅದೇ. ಕಳೆದ ವಾರ ಮಗಳ ಬಳಿ ಕ್ಷಮೆ ಕೇಳಿದೆ. ಅವಳು ಮಾತಾಡದೆ ನನ್ನ ಕೈ ಹಿಡಿದುಕೊಂಡಳು. ಹಿರಿಯರೇ, ಅದಕ್ಕಾಗಿಯೂ ನಿಮಗೆ ಕೃತಜ್ಞತೆಗಳು.