ರಾತ್ರಿ ಹತ್ತರ ಗುಳಿಗಿ

ಗದಗ, ಸೋಮವಾರ

ಚಿ. ಸೌ. ಮಗಳಿಗೆ ನಿನ್ನ ಚಿಗವ್ವನ ಆಶೀರ್ವಾದಗಳು. ಇತ್ತ ಎಲ್ಲಾರೂ ಆರಾಮ.

ನಿನ್ನ ಕಾಗದ, ಅದರ ಜೋಡಿ ಇಟ್ಟ ಗುಳಿಗಿ ಚೀಟಿ ಝೆರಾಕ್ಸ್ ಎರಡೂ ಮುಟ್ಟಿದುವು. ಅಕ್ಕನ, ಅಂದ್ರ ನಿಮ್ಮವ್ವನ, ಮೊಣಕಾಲು ಬದಲಿಸೋ ಆಪರೇಷನ್ ಹೆಂಗಾತು, ಯಾರ್ಯಾರು ನೋಡಾಕ ಬಂದಿದ್ರು ಅನ್ನೋದೆಲ್ಲಾ ನಿಮ್ಮ ಮಾಮಾ ಫೋನಿನ್ಯಾಗ ಹೇಳ್ಯಾನ, ಅದನ್ನ ಬಿಡು. ಕಡೀಕ ಒಂದು ಸಾಲು ಬರದೀದಿ ನೋಡು: "ಗುಳಿಗಿ ಚಟಾ ಹತ್ತೀತು ಅಂತ ಅಂಜಿ ರಾತ್ರೀದು ತಪ್ಪಸಾಕತ್ತೀನಿ, ತೀರಾ ತಡಕೊಳ್ಳಾಕ ಆಗದಾಗಷ್ಟ ಕೊಡ್ತೀನಿ." ಅದನ್ನ ಓದಿ ಕೈಯಾಗಿನ ಚಹಾ ಹಂಗ ಆರಿ ಹೋತು.

ನೌಕರಿ ಮಾಡೋ ಮುಂದ ವಾರ್ಡಿನ್ಯಾಗ "ಇನ್ನೊಂದು ತಾಸು ತಡಕೋರಿ" ಅಂತ ನಾನೂ ಅಂದಾಕಿ. ಹಂಗ ಅನ್ನಬಾರದಿತ್ತು. ಅದಕ್ಕ ಇಷ್ಟುದ್ದ ಬರಿಯಾಕತ್ತೀನಿ, ಬ್ಯಾಸರ ಮಾಡ್ಕೋಬ್ಯಾಡ.

ಮೊದಲ ಚಟದ ಮಾತು. ಆಪರೇಷನ್ ಆಗಿ ಇವತ್ತು ಒಂಬತ್ತನೇ ದಿನ. ಮೊದಲ ಒಂದೆರಡು ದಿನ ಬೆನ್ನಿನ ಇಂಜೆಕ್ಷನ್, ನರಕ್ಕ ಕೊಟ್ಟ ಇಂಜೆಕ್ಷನ್ ಬ್ಯಾನಿ ಮುಚ್ಚಿಟ್ಟಿರತಾವು. ಅವು ಇಳಿದ ಮ್ಯಾಲೆ, ಮನಿಗೆ ಬಂದ ಹೊತ್ತಿಗೆ, ಎಲುಬು ಕೊಯ್ದು ಲೋಹ ಕೂಡಿಸಿದ್ದರ ಖರೇ ಬ್ಯಾನಿ ಗೊತ್ತಾಗತೈತಿ. ಮೊದಲ ಎರಡು ವಾರ ಗಟ್ಟಿ ಬ್ಯಾನಿ, ಆರು ವಾರಕ್ಕ ಬೇಕಾದಷ್ಟು ಇಳೀತೈತಿ. ಬಾವು ಮತ್ತ ಮೊಣಕಾಲಿನ ಬಿಸಿ ಮೂರರಿಂದ ಆರು ತಿಂಗಳ ತನಕ ಸ್ವಲ್ಪ ಸ್ವಲ್ಪ ಇರತಾವು. ನೀನು ತಪ್ಪಿಸಿದಾಗ ಏನಾಗತೈತಿ ಅಂದ್ರ, ಬ್ಯಾನಿ ಹದಿನಾರಾಣೆಯೊಳಗ ಹನ್ನೆರಡಾಣೆಗೆ ಏರತೈತಿ. ಆವಾಗ ಕೊಟ್ಟ ಗುಳಿಗಿ ಕೆಲಸ ಮಾಡಾಕ ಮುಕ್ಕಾಲು ತಾಸು ಬೇಕು, ಏರಿದ ಬ್ಯಾನಿಗೆ ಅದು ಸಾಲಂಗಿಲ್ಲ. ಅಕ್ಕ ಮತ್ತೊಂದು ಬೇಡ್ತಾಳ. ನೀನು ಅದನ್ನ ನೋಡಿ "ಚಟಾ ಹತ್ತೇತಿ" ಅಂತೀದಿ. ಚಟಾ ಅಲ್ಲವ್ವಾ, ಹಸಿವಾದವರು ಊಟ ಬೇಡಿದಂಗ ಅದು.

ಆಣೆ ಲೆಕ್ಕ ಅಂದ್ನಲ್ಲಾ, ಅದನ್ನ ನೀನೂ ಹಿಡಿ. ಡಾಕ್ಟರು ಸೊನ್ನಿಯಿಂದ ಹತ್ತು ಅಂತ ಕೇಳ್ತಾರ, ಅಕ್ಕಗ ಅದು ತಿಳಿಯಂಗಿಲ್ಲ. ರೂಪಾಯಿಗೆ ಎಷ್ಟಾಣೆ ಬ್ಯಾನಿ ಅಂತ ಕೇಳು, ತಟ್ಟನ ಹೇಳ್ತಾಳ. ವಹಿಯಾಗ ಹೊತ್ತು, ಗುಳಿಗಿ, ಆಣೆ ಮೂರನ್ನೂ ಬರಿ. ನಾಲ್ಕಾಣೆ ಇದ್ರ ಕಾಲು ಮಡಚಾಕ ಬರತೈತಿ. ಎಂಟಾಣೆ ದಾಟಿದ್ರ ಸ್ನಾಯು ಬಿಗಿ ಹಿಡಿದು ಫಿಜಿಯೋಥೆರಪಿಯವರ ಕೈಗೂ ಬಗ್ಗಂಗಿಲ್ಲ.

ನನಗ ಅಂಜಿಕಿ ಇರೋದು ಇಲ್ಲೇ. ಎರಡನೇ ವಾರದ ಕೊನಿಗೆ ಮೊಣಕಾಲು 90 ಡಿಗ್ರಿ ಮಡಚಬೇಕು, ಮತ್ತ ಪೂರ್ತಿ ನೆಟ್ಟಗೂ ಆಗಬೇಕು. ಬ್ಯಾನಿ ಅಂತ ಮಡಚದ ಬಿಟ್ರ ಒಳಗ ಕಲಿ ಕಟ್ಟಿ ಕೀಲು ಬಿಗೀತೈತಿ, ಬಿಗಿದಷ್ಟೂ ಬ್ಯಾನಿ ಹೆಚ್ಚು. ಆರು ವಾರಕ್ಕೂ 90 ಆಗಲಿಲ್ಲ ಅಂದ್ರ ಮತ್ತ ಅರಿವಳಿಕೆ ಕೊಟ್ಟು ಮಡಚಿಸೋ ಮಾತು ಬರತೈತಿ. ಗುಳಿಗಿ ಉಳಿಸಾಕ ಹೋಗಿ ಮೊಣಕಾಲು ಕಳಕೊಂಡಂಗ.

ಈಗ ನಿನ್ನ ಚೀಟಿ. ಪ್ಯಾರಾಸಿಟಮಾಲ್ 650 ದಿನಕ್ಕ ಮೂರು. ಗಟ್ಟಿ ಬ್ಯಾನಿ ಗುಳಿಗಿ ಅಂದ್ರ ಟ್ರಾಮಡಾಲ್ 37.5 ಮತ್ತ ಪ್ಯಾರಾಸಿಟಮಾಲ್ 325 ಕೂಡಿದ್ದು ಎರಡು. ರಾತ್ರಿ ನರದ ಬ್ಯಾನಿಗೆ ಪ್ರಿಗ್ಯಾಬಲಿನ್ 75. ಮುಂಜಾನೆ ಉಣ್ಣೋಕ್ಕಿಂತ ಮೊದಲ ಹೊಟ್ಟಿ ಉರಿಗೆ ಪ್ಯಾಂಟೊಪ್ರಜೋಲ್ 40. ರಕ್ತ ಹೆಪ್ಪುಗಟ್ಟಬಾರದಂತ ಆಸ್ಪಿರಿನ್. ಇದನ್ನ ಹಿಂಗ ಹೊಂದಿಸಬಹುದು: 650 ಮುಂಜಾನೆ ಆರಕ್ಕ, ಮಧ್ಯಾಹ್ನ ಎರಡಕ್ಕ, ರಾತ್ರಿ ಹತ್ತಕ್ಕ. ಟ್ರಾಮಡಾಲ್ ಇರೋದು ಹನ್ನೊಂದರ ಫಿಜಿಯೋಥೆರಪಿಗೆ ಮುಕ್ಕಾಲು ತಾಸು ಮೊದಲ ಒಂದು, ಸಂಜಿ ಆರೂಕಾಲಿಗೆ ಇನ್ನೊಂದು. ಡಾಕ್ಟರಿಗೆ ಒಂದು ಸಲ ತೋರಿಸಿ ಹೂಂ ಅನಿಸ್ಕೋ. ಹತ್ತರದ್ದನ್ನ ನೀನು ತಪ್ಪಸ್ತೀದಿ, ಅದಕ್ಕ ಅಕ್ಕ ಎರಡಕ್ಕ ಎದ್ದು ಕೂಡ್ತಾಳ. ನಿದ್ದಿ ಇಲ್ಲದ ಮಾರನೇ ದಿನ ಅದ ಬ್ಯಾನಿ ಇಮ್ಮಡಿ ಅನಸ್ತೈತಿ.

ಲೆಕ್ಕ ಮಾಡು. 650 ಮೂರು ಸಲ 1950, 325 ಎರಡು ಸಲ 650, ಒಟ್ಟು 2600 ಮಿಲಿಗ್ರಾಂ. ಗಟ್ಟಿ ಇದ್ದವರಿಗೆ ದಿನದ ಮಿತಿ 4000. ಅಕ್ಕನಂಥ ವಯಸ್ಸಾದ, ಸಣಕಲು ಮೈಯವರಿಗೆ 3000ದ ಒಳಗ ಇಡೋದು ಚಲೋ. ಇನ್ನು ಬಾಜೂ ಮನಿಯಾಕಿ ತಮ್ಮ ಮನ್ಯಾಗ ಉಳಿದ ಗುಳಿಗಿ ಕೊಟ್ಟಾಳ ಅಂತ ಬರದೀದಿ. ಅದು ಅಸೆಕ್ಲೋಫೆನಾಕ್ 100 ಅನ್ನೋ ಬ್ಯಾರೆ ಬ್ಯಾನಿ ಗುಳಿಗಿ, ಅದರಾಗೂ ಪ್ಯಾರಾಸಿಟಮಾಲ್ 325 ಐತಿ. ಎರಡು ಕೊಟ್ರ ಒಟ್ಟು 3250 ಆತು. ಅದಕ್ಕಿಂತ ಕೆಟ್ಟದ್ದು, ಅಕ್ಕನ ಬಿಪಿ ಗುಳಿಗ್ಯಾಗ ಟೆಲ್ಮಿಸಾರ್ಟನ್ ಜೋಡಿ ಉಚ್ಚಿ ಹೆಚ್ಚು ಮಾಡೋ ಔಷಧಾನೂ ಐತಿ. ಆ ಎರಡರ ಮ್ಯಾಲೆ ಅಸೆಕ್ಲೋಫೆನಾಕ್ ಬಿದ್ರ ಕಿಡ್ನಿಗೆ ಹೊಡತ. ಆಸ್ಪಿರಿನ್ ಜೋಡಿ ಹೊಟ್ಟ್ಯಾಗ ರಕ್ತಾನೂ ಒಸರಬಹುದು. ಆ ಪಟ್ಟಿ ತಿರುಗಿ ಕೊಡು. ಅಂಜೋದಾದ್ರ ಇಂಥಾದ್ದಕ್ಕ ಅಂಜು ಮಗಳ, ಹತ್ತರ ಗುಳಿಗಿಗೆ ಅಲ್ಲ.

ನಿನ್ನ ಅಂಜಿಕಿ ಪೂರಾ ಸುಳ್ಳು ಅಂತ ನಾನು ಅನ್ನಂಗಿಲ್ಲ. ಪ್ಯಾರಾಸಿಟಮಾಲ್‌ಗೆ ಚಟಾ ಇಲ್ಲ, ಟ್ರಾಮಡಾಲ್‌ಗೆ ಐತಿ. 2018ರಾಗ ಸರ್ಕಾರ ಅದನ್ನ ಮಾದಕ ವಸ್ತುಗಳ ಕಾನೂನಿನೊಳಗ ಸುಮ್ಮನ ತರಲಿಲ್ಲ. ಆದ್ರ ಚಟಾ ಬ್ಯಾರೆ ಥರಾ ಕಾಣತೈತಿ. ಬ್ಯಾನಿ ಎರಡಾಣೆ ಇದ್ದಾಗೂ ಬೇಡೋದು, ಹಗುರ ಅನಸ್ತೈತಿ ಅಂತ ನುಂಗೋದು, ತಿಂಗಳು ಕಳದ್ರೂ ಪ್ರಮಾಣ ಏರಿಸ್ತಾ ಹೋಗೋದು. ಹೇಳಿದ ಹೊತ್ತಿಗೆ ಹೇಳಿದಷ್ಟು ಕೆಲವು ವಾರ ಕೊಟ್ರ ಆ ಭಯ ಕಡಿಮಿ. ಬಿಡಿಸೋವಾಗ ಗಟ್ಟಿ ಗುಳಿಗಿ ಮೊದಲ. ಹೊಲಿಗಿ ಬಿಚ್ಚೋದು ಹನ್ನೆರಡರಿಂದ ಹದಿನಾಲ್ಕು ದಿನಕ್ಕ, ಆವಾಗ ಡಾಕ್ಟರನ್ನ ಕೇಳಿ ಸಂಜೀದು ಬಿಡು, ಆಮ್ಯಾಲೆ ಫಿಜಿಯೋಥೆರಪಿ ಮೊದಲಿಂದು. 650 ಕಡೀಕ. ಪ್ರಿಗ್ಯಾಬಲಿನ್ ವಾರಗಟ್ಟಲೆ ತಗೊಂಡಿದ್ರ ಒಮ್ಮಿಗೇ ನಿಲ್ಲಿಸಬ್ಯಾಡ, ಇಳಿಸ್ತಾ ಬರಬೇಕು. ಅಕ್ಕ ಹಗಲೂ ಮಂಪರಿನ್ಯಾಗ ಇದ್ರ, ಎಬ್ಬಿಸಿದ್ರ ತೊದಲಿದ್ರ, ಮುಂದಿನ ಡೋಸ್ ಕೊಡೋಕ್ಕಿಂತ ಮೊದಲ ಫೋನ್ ಹಚ್ಚು. ಅದು ಚಟಾ ಅಲ್ಲ, ಔಷಧ ಹೆಚ್ಚಾಗೇತಿ ಅಂತ ಅರ್ಥ.

ಗುಳಿಗಿ ಕಡಿಮಿ ಸಾಕು ಅನ್ನೋ ಹಂಗ ಮಾಡಾಕ ಐಸ್ ಐತಿ. ಹಸಿ ಬಟಾಣಿ ಪಾಕೀಟು ಫ್ರೀಜರಿನ್ಯಾಗ ಇಟ್ಟು, ತೆಳ್ಳನ ಟವಲ್ ಸುತ್ತಿ, ಕಸರತ್ತು ಆದ ಮ್ಯಾಲೆ ಹದಿನೈದು ಇಪ್ಪತ್ತು ನಿಮಿಷ, ದಿನಕ್ಕ ನಾಲ್ಕೈದು ಸಲ. ಬಟಾಣಿ ಮೊಣಕಾಲಿನ ಆಕಾರಕ್ಕ ಕೂಡತೈತಿ. ಗಾಯದ ಹೊರಮಗ್ಗಲಿಗೆ ಚರ್ಮ ಜೋಮು ಹಿಡಿದಿರತೈತಿ, ಸಣ್ಣ ನರ ಕೊಯ್ದಿರೋದರಿಂದ. ಅಲ್ಲೇ ಐಸ್ ಸುಟ್ರೂ ಆಕಿಗೆ ಗೊತ್ತಾಗಂಗಿಲ್ಲ, ಹತ್ತು ನಿಮಿಷಕ್ಕೊಮ್ಮೆ ಎತ್ತಿ ನೋಡು. ಬಿಸಿ ಶೇಕ, ಎಣ್ಣಿ ತಿಕ್ಕೋದು, ಲೇಪ ಯಾವುದೂ ಬ್ಯಾಡ, ಯಾರರ ಹಿರ್ಯಾರು ಹೇಳಿದ್ರೂ.

ತಲಿದಿಂಬು ಮೊಣಕಾಲಿನ ಕೆಳಗ ಇಟ್ಟೀದಿ ಅಂತ ನನಗ ಅನಸ್ತೈತಿ. ಅಲ್ಲಿ ಇಟ್ರ ಹಿತಾ ಆಗತೈತಿ ಖರೆ, ಆದ್ರ ಕಾಲು ಸ್ವಲ್ಪ ಮಡಚಿದಂಗ ನಿಂತು ಕುಂಟೋದಾಗತೈತಿ. ಹಿಮ್ಮಡದ ಕೆಳಗ ಇಡು, ಮೊಣಕಾಲು ತೂಗಲಿ, ಕಾಲು ಎದಿಗಿಂತ ಎತ್ತರ ಇರಲಿ. ಎಚ್ಚರ ಇದ್ದಾಗ ತಾಸಿಗೊಮ್ಮೆ ಪಾದ ಹತ್ತು ಸಲ ಮ್ಯಾಲೆ ಕೆಳಗ ಮಾಡಿಸು, ಮೊಣಕಾಲು ಹಾಸಿಗಿಗೆ ಒತ್ತಿ ಐದು ಎಣಿಸು, ಹಿಮ್ಮಡ ಜಾರಿಸಿ ಮಡಚಿಸು. ಮಾರನೇ ದಿನ ಬಾವು ಹೆಚ್ಚಾದ್ರ ಲೆಕ್ಕ ಕಡಿಮಿ ಮಾಡು, ನಿಲ್ಲಿಸಬ್ಯಾಡ. ಪಾವಟಿಗಿ ಏರುವಾಗ ಚಲೋ ಕಾಲು ಮುಂದ, ಇಳಿಯುವಾಗ ಆಪರೇಷನ್ ಕಾಲು ಮುಂದ.

ಹೊರಕಡಿ ಕಟ್ಟತೈತಿ, ಅದು ಟ್ರಾಮಡಾಲ್ ಗುಣ. ಸಂಡಾಸಕ್ಕ ಏಳಬೇಕಾಗತೈತಿ ಅಂತ ಅಕ್ಕ ನೀರು ಕುಡಿಯೋದ ಬಿಟ್ಟಿರತಾಳ, ಕೇಳಿ ನೋಡು. ನೀರು ಕಡಿಮಿ ಇದ್ದಾಗ ಇಸಬಗೋಲ್ ಕೊಟ್ರ ಇನ್ನೂ ಕಟ್ಟತೈತಿ. ಲ್ಯಾಕ್ಟುಲೋಸ್ ಸಿರಪ್ ಬಗ್ಗೆ ಡಾಕ್ಟರನ್ನ ಕೇಳು.

ಇಷ್ಟು ಮಾತ್ರ ತಡಾ ಮಾಡಬ್ಯಾಡ. ಮೀನಖಂಡ ಒಂದೇ ಕಡೆ ಬಿಗಿದು ಬಾತು ನೋಯೋದು, ಗಾಯದಿಂದ ಹೊಸದಾಗಿ ನೀರು ಕೀವು, ಚಳಿಜ್ವರ, ಕಡಿಮಿ ಆಗಿದ್ದ ಬ್ಯಾನಿ ಒಮ್ಮಿಗೇ ಏರೋದು, ಕರೀ ಸಂಡಾಸ, ಉಚ್ಚಿ ಕಡಿಮಿ: ಇವತ್ತಿಂದು ಇವತ್ತ ದವಾಖಾನಿಗೆ. ಉಸಿರು ಕಟ್ಟಿದ್ರ, ಎದಿ ನೋವಾದ್ರ 108.

ಹೊಲಿಗಿ ಬಿಚ್ಚಾಕ ಹೋಗುವಾಗ ಆಟೋ ಬ್ಯಾಡ, ಜಿಗದಾಡತೈತಿ. ಕಾರಿನ ಮುಂದಿನ ಸೀಟು ಹಿಂದ ಸರಿಸಿ ಕೂಡಿಸು. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು ಹತ್ತಾಕ ಪಾವಟಿಗಿ ಇಲ್ಲ ಅಂತ ಅಕ್ಕ ಹಟಾ ಹಿಡೀಬಹುದು, ತಿಂಗಳು ಕಳೀಲಿ ಅನ್ನು.

ಹೇಳಬೇಕಾದ್ದು ಒಂದಿತ್ತು, ಹತ್ತಾದುವು. ನಿನ್ನ ಬೈದಂಗ ಅನಿಸಿದ್ರ ಮನಸಿಗೆ ಹಚ್ಕೋಬ್ಯಾಡ. ಈ ಕಾಗದ ಮುಟ್ಟಿದ ದಿನ ರಾತ್ರಿ ಹತ್ತರ ಗುಳಿಗಿ ಕೊಡು, ಮುಂಜಾನೆ ಎಷ್ಟಾಣೆ ಅಂತ ಕೇಳಿ ನನಗ ಫೋನ್ ಮಾಡು. ಆರಕ್ಕ ಎದ್ದಿರತೀನಿ.

ಇಂತಿ,
ನಿನ್ನ ಚಿಗವ್ವ