ಹಿಂಬದಿ ಹಲಗೆಯ ದುರಸ್ತಿ, ಹೊಸ ದರ ಹಾಗೂ ಮಳೆಗಾಲದ ಕೆಲಸದ ಕುರಿತು ನಮ್ಮ ಗ್ರಾಹಕರಿಗೆ

ಮಾನ್ಯರೇ, ಸಾದರ ನಮಸ್ಕಾರಗಳು.

ಕಳೆದ ಮಳೆಗಾಲದಲ್ಲಿ ನಮ್ಮ ತಾರಿಹಾಳದ ಶೆಡ್ಡಿನಲ್ಲಿ ಎಂಜಿನ್ ಕೂರುವ ಹಿಂಬದಿ ಹಲಗೆಯನ್ನು, ಅಂದರೆ ಟ್ರಾನ್ಸಮ್ಮನ್ನು, ಹೊಸದಾಗಿ ಕಟ್ಟಿಸಿಕೊಂಡು ಹೋದ ಹನ್ನೊಂದು ದೋಣಿಗಳ ಪೈಕಿ ನಾಲ್ಕರಲ್ಲಿ ದೋಷ ಕಂಡುಬಂದಿದೆ. ಈ ಸುದ್ದಿ ನಮ್ಮ ಪತ್ರಕ್ಕಿಂತ ಮೊದಲೇ ಹೊಳೆಯ ದಂಡೆಗೆ ತಲುಪಿರುವುದರಿಂದ ಮುಚ್ಚಿಡುವಂಥದ್ದು ಏನೂ ಉಳಿದಿಲ್ಲ. ಆದರೆ ಗುತ್ತಲದ ಕಡೆ ಒಂದು ರೀತಿ, ಹಮ್ಮಿಗಿ ಬ್ಯಾರೇಜಿನ ಕಡೆ ಇನ್ನೊಂದು ರೀತಿ ಬೆಳೆಯುತ್ತಿರುವ ಮಾತಿನಲ್ಲಿ, ಹಲಗೆ ಕಳಚಿ ಎಂಜಿನ್ ನೀರಿಗೆ ಬಿದ್ದಿತು ಎಂಬುದು ಮಾತ್ರ ಶುದ್ಧ ಸುಳ್ಳು. ನಾವು ಕಟ್ಟಿದ ಯಾವ ಹಲಗೆಯೂ ದೋಣಿಯ ಮೈಯಿಂದ ಇದುವರೆಗೆ ಬಿಟ್ಟುಬಂದಿಲ್ಲ.

ಆಗಿರುವುದು ಏನೆಂದು ನೋಡಲು ನಾಲ್ಕರಲ್ಲಿ ಒಂದನ್ನು ಮಾಲೀಕರ ಎದುರಿಗೇ ಬಿಚ್ಚಿದೆವು. ಹತ್ತು ರೂಪಾಯಿಯ ನಾಣ್ಯ ಹಿಡಿದು ಮೇಲಿನ ಅಂಚಿನಿಂದ ಬಡಿಯುತ್ತ ಬಂದಾಗ ಬೋಲ್ಟುಗಳವರೆಗೆ ಗಟ್ಟಿ ದನಿ ಬಂದು, ಅದರ ಕೆಳಗೆ ಎರಡು ಅಂಗೈಯಷ್ಟು ಜಾಗದಲ್ಲಿ ಒಣಗಿದ ಕುಂಬಳಕಾಯಿ ತಟ್ಟಿದಂತೆ ಡೊಬ್ ಡೊಬ್ ಎಂದಿತು. ಅಲ್ಲಿ ಕಟರ್ ಆಡಿಸಿದಾಗ ಫೈಬರ್ (ರಾಳದಲ್ಲಿ ನೆನೆಸಿದ ಗಾಜಿನ ಎಳೆ) ಪದರು ಹಪ್ಪಳದಂತೆ ಇಡಿಯಾಗಿ ಎದ್ದು ಬಂದಿತು. ಅದರ ಒಳಮೈ ಕನ್ನಡಿಯಂತೆ ನುಣುಪಾಗಿತ್ತು. ಅಂಟು ಸರಿಯಾಗಿ ಹಿಡಿದಿದ್ದರೆ ಕಟ್ಟಿಗೆಯ ಎಳೆಗಳು ಕಿತ್ತುಕೊಂಡು ಬರಬೇಕಿತ್ತು. ಒಂದು ಎಳೆಯೂ ಬರಲಿಲ್ಲ. ಅಷ್ಟು ಹೊತ್ತು ನಮ್ಮೊಂದಿಗೆ ವಾದಿಸುತ್ತಿದ್ದ ಮಾಲೀಕರು ಅದನ್ನು ನೋಡಿ ಸುಮ್ಮನಾದರು. ಅವರು ಬೈದಿದ್ದರೇ ನಮಗೆ ಹಗುರವಾಗುತ್ತಿತ್ತು.

ಕಾರಣವೂ ಸ್ಪಷ್ಟವಾಗಿದೆ, ಅದು ನಮ್ಮದೇ. ಎರಡು ಪ್ಲೈವುಡ್ ಹಲಗೆಗಳನ್ನು ಜೋಡಿಸಲು ಮತ್ತು ಕಟ್ಟಿಗೆಯ ಮೈಗೆ ಸವರಲು ಎಪಾಕ್ಸಿ ಎಂಬ ಎರಡು ದ್ರವ ಬೆರೆಸುವ ಅಂಟನ್ನು ಬಳಸಿ, ನಿಮ್ಮ ಖರ್ಚು ಉಳಿಯಲೆಂದು ಹೊರಗಿನ ಫೈಬರ್ ಪದರುಗಳನ್ನು ಮಾತ್ರ ಎಂದಿನ ಅಗ್ಗದ ರಾಳವಾದ ಪಾಲಿಯೆಸ್ಟರ್ ರೆಸಿನ್‌ನಲ್ಲೇ ಹಾಕಿದೆವು. ತಂಪು ಮತ್ತು ತೇವದ ಹವೆಯಲ್ಲಿ ಎಪಾಕ್ಸಿ ಗಟ್ಟಿಯಾಗುವಾಗ ಅದರ ಮೇಲೆ ಮೇಣದಂಥ ಜಿಡ್ಡು ಬಿಡುತ್ತದೆ. ಅದನ್ನು ಬರಿಯ ನೀರಿನಿಂದ ತಿಕ್ಕಿ ತೊಳೆದು, ಒಣಗಿಸಿ, ಮರಳು ಕಾಗದದಿಂದ ಉಜ್ಜಿದ ಮೇಲೆಯೇ ಮುಂದಿನ ಪದರು ಹಾಕಬೇಕು. ಪಾಲಿಯೆಸ್ಟರ್ ಅಂತೂ ಗಟ್ಟಿಯಾದ ಎಪಾಕ್ಸಿಯ ಮೇಲೆ ಮೊದಲೇ ಸರಿಯಾಗಿ ಹಿಡಿಯುವುದಿಲ್ಲ. ನಡುವೆ ಜಿಡ್ಡಿದ್ದರೆ ಕೇಳುವುದೇ ಬೇಡ. ಹುಬ್ಬಳ್ಳಿಯಲ್ಲಿ ವಾರಗಟ್ಟಲೆ ಜಿಟಿಜಿಟಿ ಮಳೆ ಹಿಡಿದಿದ್ದಾಗ, ದೋಣಿ ಬೇಗ ಬೇಕೆಂಬ ಫೋನುಗಳ ನಡುವೆ, ನಾವು ಕೆಲವು ದೋಣಿಗಳಲ್ಲಿ ತೊಳೆಯದೆ ಮುಂದೆ ಹೋಗಿದ್ದೇವೆ. ಇದಕ್ಕಾಗಿ ಕ್ಷಮೆ ಕೋರುತ್ತೇವೆ.

ಈಗ, ಕಳೆದ ಎರಡು ತಿಂಗಳಿಂದ ದಿನವೂ ಕಿವಿಗೆ ಬೀಳುತ್ತಿರುವ ಮಾತಿಗೆ ಬರುತ್ತೇವೆ: “ನಿಮ್ಮ ತಪ್ಪಿನ ದಂಡ ನಾವ್ಯಾಕ ತುಂಬಬೇಕ್ರಿ?” ಹೊಸ ದರ ಹಳೆಯದಕ್ಕಿಂತ ಶೇ. 35ರಷ್ಟು ಹೆಚ್ಚಾಗಿರುವುದನ್ನು ಕಂಡು ಹೀಗೆ ಕೇಳುವುದು ಸಹಜವಾದರೂ, ಆ ಹೆಚ್ಚಳದಲ್ಲಿ ನಾಲ್ಕು ದೋಣಿಗಳ ದುರಸ್ತಿಯ ಒಂದು ರೂಪಾಯಿಯೂ ಸೇರಿಲ್ಲ. ಆ ಖರ್ಚು ಪೂರ್ತಿ ನಮ್ಮದು, ಟೆಂಪೋ ಬಾಡಿಗೆಯೂ ಸೇರಿದಂತೆ. ಹೆಚ್ಚಳ ಬಂದಿರುವುದು ಸಾಮಾನಿನಿಂದ. ಇನ್ನು ಮುಂದೆ ಒಳಗಿನಿಂದ ಹೊರಗಿನವರೆಗೆ ಎಪಾಕ್ಸಿಯನ್ನೇ ಬಳಸುತ್ತೇವೆ, ಮತ್ತು ಅದರ ಬೆಲೆ ಪಾಲಿಯೆಸ್ಟರಿನ ಎರಡು-ಮೂರು ಪಟ್ಟು. ಎಪಾಕ್ಸಿ ಬಂದರೆ ನಮ್ಮಲ್ಲಿ ದಾಸ್ತಾನಿರುವ ಚಾಪ್ ಮ್ಯಾಟ್ (ಕತ್ತರಿಸಿದ ಗಾಜಿನ ಎಳೆಗಳ ಹಾಸು) ಕೆಲಸಕ್ಕೆ ಬಾರದು, ಏಕೆಂದರೆ ಆ ಮ್ಯಾಟಿನ ಎಳೆಗಳನ್ನು ಹಿಡಿದಿಟ್ಟಿರುವ ಅಂಟು ಪಾಲಿಯೆಸ್ಟರಿನಲ್ಲಿರುವ ದ್ರವವಾದ ಸ್ಟೈರೀನ್‌ನಲ್ಲಿ ಮಾತ್ರ ಕರಗುತ್ತದೆ. ಆದ್ದರಿಂದ ಹೆಣೆದ ಗಾಜಿನ ಬಟ್ಟೆಯನ್ನು ಪಾರ್ಸೆಲ್ ಮೂಲಕ ಹೊರಗಿನಿಂದ ತರಿಸಬೇಕಾಗಿದೆ. ಪ್ಲೈವುಡ್ಡಿನಲ್ಲಿಯೂ ಐಎಸ್ 710 (ಮರೈನ್ ಪ್ಲೈಗಿರುವ ಭಾರತೀಯ ಮಾನಕ) ಮುದ್ರೆಯ ಮರೈನ್ ಪ್ಲೈ ಹೊರತು ಬೇರೆಯದನ್ನು ಶೆಡ್ಡಿನೊಳಗೆ ಬಿಟ್ಟುಕೊಳ್ಳುವುದಿಲ್ಲ: 18 ಮಿ.ಮೀ.ನ ಎರಡು ಹಲಗೆ ಸೇರಿ 36, ಅದರ ಮೇಲೆ ಫೈಬರ್. ಪಕ್ಕದ ಅಂಗಡಿಯವರು ಪೀಠೋಪಕರಣದ ಪ್ಲೈ ಹಾಕಿ ಅರ್ಧ ದರಕ್ಕೆ ಮಾಡಿಕೊಡುತ್ತಾರೆಂದು ಹೇಳಿದವರಿದ್ದಾರೆ. ಮಾಡಿಸಿಕೊಳ್ಳಬಹುದು, ಎರಡು ಮಳೆಗಾಲ ಕಳೆದ ಮೇಲೆ ಅದೇ ದೋಣಿ ನಮ್ಮ ಶೆಡ್ಡಿಗೆ ಬಂದಾಗಲೂ ಬೇಡವೆನ್ನುವುದಿಲ್ಲ.

ದರದಷ್ಟೇ ಸಿಟ್ಟು ಸಮಯದ ಮೇಲೂ ಇದೆ. ಮೊದಲು ಒಂದು ವಾರದಲ್ಲಿ ಕೊಡುತ್ತಿದ್ದುದಕ್ಕೆ ಈಗ ಮೂರು ವಾರ ಕೇಳುತ್ತೇವೆ. ಪಾಲಿಯೆಸ್ಟರಿನಲ್ಲಿ ಹಾರ್ಡ್ನರನ್ನು, ಅಂದರೆ ಗಟ್ಟಿಯಾಗಿಸುವ ದ್ರವವನ್ನು, ಶೇ. 1ರಿಂದ 2ರ ನಡುವೆ ಹವೆ ನೋಡಿ ಹೆಚ್ಚು-ಕಡಿಮೆ ಮಾಡಬಹುದು. ಎಪಾಕ್ಸಿಯಲ್ಲಿ ಆ ಆಟ ನಡೆಯುವುದಿಲ್ಲ. ತಯಾರಕರು ಹೇಳಿದ ಅಳತೆಗಿಂತ ಒಂದು ಚಮಚ ಹೆಚ್ಚಿಗೆ ಹಾಕಿದರೂ ಅದು ಬೇಗ ಗಟ್ಟಿಯಾಗುವ ಬದಲು ಒಳಗೆ ಮೆತ್ತಗೇ ಉಳಿಯುತ್ತದೆ. ಅದಕ್ಕಾಗಿ ತಕ್ಕಡಿ ತಂದಿಟ್ಟಿದ್ದೇವೆ, ಕಣ್ಣಂದಾಜು ನಿಲ್ಲಿಸಿದ್ದೇವೆ. ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಫೈಬರ್ ಹಾಕುವ ಕೆಲಸವನ್ನೇ ತೆಗೆದುಕೊಳ್ಳುವುದಿಲ್ಲ, ಯಾರು ಹೇಳಿದರೂ.

ಎಲ್ಲ ದೋಷವನ್ನೂ ನಮ್ಮ ಹೆಗಲಿಗೆ ಹಾಕಿಕೊಳ್ಳಲು ಮಾತ್ರ ಸಾಧ್ಯವಿಲ್ಲ. ಬಂದ ದೂರುಗಳಲ್ಲಿ ಎರಡು ದೋಣಿಗಳ ಹಲಗೆ ಗಟ್ಟಿಯಾಗಿಯೇ ಇದ್ದು, ಬೋಲ್ಟಿನ ತೂತಿನಿಂದ ಚಹಾದ ಬಣ್ಣದ ನೀರು ಒಸರುತ್ತಿತ್ತು. ಎಂಜಿನ್ ಬದಲಿಸುವಾಗ ಹೊರಗಿನ ಮಿಸ್ತ್ರಿಯೊಬ್ಬರು ಹೊಸ ತೂತು ಕೊರೆದು, ಸೀಲಂಟ್ ಕೂಡ ಹಚ್ಚದೆ ಬೋಲ್ಟ್ ಬಿಗಿದಿದ್ದರು. ಬರಿಯ ಕಟ್ಟಿಗೆಗೆ ನೀರು ಮುಟ್ಟಿದ ಮೇಲೆ ಯಾವ ಅಂಟೂ ಅದನ್ನು ಉಳಿಸದು. ನಾವು ಈಗ ಬೋಲ್ಟಿಗಿಂತ ದೊಡ್ಡ ತೂತು ಕೊರೆದು, ಅದನ್ನು ಎಪಾಕ್ಸಿಯಿಂದ ತುಂಬಿ, ಗಟ್ಟಿಯಾದ ನಂತರ ಅದರ ನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯುತ್ತೇವೆ. ಹೀಗಾಗಿ ನೀರು ಒಳಬಂದರೂ ಕಟ್ಟಿಗೆಯನ್ನು ಮುಟ್ಟುವುದಿಲ್ಲ. ದಯವಿಟ್ಟು ನಮ್ಮನ್ನು ಕೇಳದೆ ಹಲಗೆಗೆ ಒಂದು ಸ್ಕ್ರೂ ಕೂಡ ಹೊಡೆಸಬೇಡಿ.

ಹನ್ನೊಂದೂ ದೋಣಿಗಳನ್ನು ಈ ಬೇಸಿಗೆಯಲ್ಲಿ, ಹೊಳೆ ಬತ್ತಿ ದೋಣಿ ದಂಡೆಗೆ ಹತ್ತಿದ ಹೊತ್ತಿನಲ್ಲಿ, ಪರೀಕ್ಷಿಸಿ ಕೊಡುತ್ತೇವೆ. ಪೊಳ್ಳು ಅಂಗೈಗಿಂತ ಚಿಕ್ಕದಿದ್ದು ಒಳಗೆ ಒಣಗಿದ್ದರೆ ಸಣ್ಣ ತೂತುಗಳನ್ನು ಕೊರೆದು, ಕೆಳಗಿನ ತೂತಿನಿಂದ ಸಿರಿಂಜಿನಲ್ಲಿ ಎಪಾಕ್ಸಿ ತುಂಬುತ್ತ ಮೇಲಿನ ತೂತಿನಿಂದ ಅದು ಹೊರಬರುವವರೆಗೆ ಬಿಡುವುದಿಲ್ಲ. ಅದಕ್ಕಿಂತ ದೊಡ್ಡದಿದ್ದರೆ ಅಥವಾ ಕೊರೆದಾಗ ಕಪ್ಪಾದ ಹಸಿ ಪುಡಿ ಬಂದರೆ ಪದರು ಕತ್ತರಿಸಿ, ಕಟ್ಟಿಗೆ ಒಣಗಿಸಿ, ಅಂಚುಗಳನ್ನು ಪದರಿನ ದಪ್ಪದ ಹನ್ನೆರಡು ಪಟ್ಟು ಉದ್ದಕ್ಕೆ ಇಳಿಜಾರಾಗಿ ಉಜ್ಜಿ, ಹೊಸ ಪದರು ಹಾಕುತ್ತೇವೆ. ತೇಪೆಯ ಬಿಳುಪು ದೋಣಿಯ ಹೊರಮೈಯ ಹೊಳಪು ಲೇಪವಾದ ಹಳೆಯ ಜೆಲ್‌ಕೋಟಿನ ಬಿಳುಪಿಗೆ ಪೂರ್ತಿ ಹೊಂದದು. ಎಪಾಕ್ಸಿಯ ಮೇಲೆ ಜೆಲ್‌ಕೋಟ್ ಸರಿಯಾಗಿ ನಿಲ್ಲುವುದಿಲ್ಲವಾದ್ದರಿಂದ ಪೇಂಟನ್ನೇ ಹಚ್ಚಬೇಕು. ಇಷ್ಟನ್ನು ಸಹಿಸಿಕೊಳ್ಳಿ.

ದೋಣಿ ಕಳಿಸುವ ಮುನ್ನ ಎಂಜಿನ್ ಇಳಿಸಿ, ಒಂದು ವಾರ ನೆರಳಿನಲ್ಲಿ ಮೂತಿ ಮೇಲೆತ್ತಿ, ಹಿಂಬದಿಯ ನೀರಿನ ಬಿರಡೆ ತೆಗೆದು ನಿಲ್ಲಿಸಿ. ಸೋರುವ ಜಾಗದ ಮೇಲೆ ಎಂಸೀಲ್ ಮೆತ್ತಬೇಡಿ, ಪೇಂಟ್ ಹಚ್ಚಬೇಡಿ. ಸೀಮೆಸುಣ್ಣದಲ್ಲಿ ಗುರುತು ಹಾಕಿದರೆ ಸಾಕು. ಕೆಲಸ ನಡೆಯುವಾಗ ಯಾವ ಹೊತ್ತಿಗೆ ಬೇಕಾದರೂ ಬಂದು ನೋಡಬಹುದು, ಪದರು ಹಾಕುವ ಮುನ್ನ ನಾಣ್ಯವನ್ನು ನಿಮ್ಮ ಕೈಗೇ ಕೊಡುತ್ತೇವೆ. ಮಿರಗದ ಮಳೆಗೆ ಮೊದಲು ಹನ್ನೊಂದನ್ನೂ ಮುಗಿಸಬೇಕಾಗಿರುವುದರಿಂದ ಈ ತಿಂಗಳೊಳಗೆ ಫೋನ್ ಮಾಡಿ ಸರದಿ ಹಚ್ಚಿಸಿಕೊಳ್ಳಬೇಕೆಂದು ವಿನಂತಿ.

ನಿಮ್ಮ ವಿಶ್ವಾಸಿ,
ವರ್ಕ್‌ಶಾಪಿನ ಪರವಾಗಿ,
ತಾರಿಹಾಳ, ಹುಬ್ಬಳ್ಳಿ