ಎಂಜಿಬಿ ಕಾರು ಇರುವವರಿಗೆ: ಮೊದಲು ಟೈಮಿಂಗ್, ಆಮೇಲೆ ಐಡಲ್

ಗೆಳೆಯರೇ, ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗ ಇಂಜಿನ್ ಓಡುವ ವೇಗ) ಏರುಪೇರಾದ ಕೂಡಲೇ ಕಾರ್ಬುರೇಟರ್ ಸ್ಕ್ರೂಗೆ ಕೈ ಹಾಕಬೇಡಿ. ಮೊದಲು ಪಾಯಿಂಟ್ ಗ್ಯಾಪ್, ಅಂದರೆ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗಿನ ಕಾಂಟ್ಯಾಕ್ಟ್‌ಗಳ ನಡುವಿನ ಸಂದು, 0.015 ಇಂಚಿಗೆ ತನ್ನಿ. ಅದು ಬದಲಾದರೆ ಟೈಮಿಂಗೂ (ಕಿಡಿ ಹಾರುವ ಕ್ಷಣ) ಬದಲಾಗುತ್ತದೆ, ಅಲ್ವಾ?

ಇಂಜಿನ್ ಬಿಸಿಯಾದ ಮೇಲೆ ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಪೈಪ್ ಬಿಚ್ಚಿ ಮುಚ್ಚಿ, ಇಂಜಿನ್ ಮುಂದಿನ ಪುಲ್ಲಿಯ ಗುರುತಿಗೆ ಟೈಮಿಂಗ್ ಲೈಟ್ ಹಿಡಿಯಿರಿ. 60ರ ದಶಕದ 1798 ಸಿಸಿ ಹೈ ಕಂಪ್ರೆಷನ್ ಇಂಜಿನ್‌ಗೆ 600 ಆರ್‌ಪಿಎಂನಲ್ಲಿ, ಪಿಸ್ಟನ್ ತುದಿ ಮುಟ್ಟುವ 14 ಡಿಗ್ರಿ ಮೊದಲೇ ಕಿಡಿ ಬರಬೇಕು. ಐಡಲ್ ಜಾಸ್ತಿ ಇದ್ದರೆ ಡಿಸ್ಟ್ರಿಬ್ಯೂಟರ್ ಒಳಗಿನ ತೂಕಗಳು ಆಗಲೇ ಅಗಲಿ, ಲೆಕ್ಕ ತಪ್ಪುತ್ತದೆ. ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟೇ ತಿರುಗಿಸಿ. ಗಡಿಯಾರದ ದಿಕ್ಕಿಗೆ ಹೋದರೆ ಕಿಡಿ ಬೇಗ ಬರುತ್ತದೆ. ಬೋಲ್ಟ್ ಬಿಗಿದು ಇನ್ನೊಮ್ಮೆ ನೋಡಿ, ಬಿಗಿಯುವಾಗಲೇ ಅದು ಜಾರುವುದು.

ಇನ್ನು ಐಡಲ್. ಎರಡು ಎಸ್‌ಯು ಕಂಪನಿಯ ಕಾರ್ಬುರೇಟರ್ ನಡುವಿನ ಲಿಂಕ್ ಸಡಿಲಿಸಿ, ಒಂದೊಂದರ ಬಾಯಿಗೂ ಸಣ್ಣ ರಬ್ಬರ್ ಪೈಪ್ ಇಟ್ಟು ಕಿವಿಗೊಟ್ಟು ಕೇಳಿ. ಎರಡರ ಸುಂಯ್ ಸದ್ದೂ ಒಂದೇ ಸಮ ಬರಬೇಕು. ಅಂಗಿಯ ತೋಳು ಮಡಚಿಕೊಳ್ಳಿ, ಫ್ಯಾನ್ ಪಕ್ಕದಲ್ಲೇ ಇರುತ್ತದೆ.